ದಿನಕ್ಕೆ ಮೂರು ನಿಮಿಷದ ಶುಭಸಂದೇಶ

ನಾನು ಚರ್ಚಿನ ಗುರುವೂ (ಫಾದರ್) ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಗೃಹಸ್ಥ, ಅಷ್ಟೇ. ಏಳು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಆ ದಿನದ ಶುಭಸಂದೇಶದ (ಚರ್ಚಿನ ಪೂಜೆಯಲ್ಲಿ ಓದುವ ಯೇಸುವಿನ ಸುವಾರ್ತೆಯ ಭಾಗದ) ಮೇಲೆ ಮೂರು ನಿಮಿಷ ಮಾತಾಡಿ ವಾಟ್ಸಾಪ್‌ನಲ್ಲೂ ಯೂಟ್ಯೂಬ್‌ನಲ್ಲೂ ಹಾಕುತ್ತಿದ್ದೇನೆ. ಇದನ್ನೆಲ್ಲ ಹೇಗೆ ಶುರು ಮಾಡೋದು ಅಂತ ಈಚೆಗೆ ಕೆಲವರು ಕೇಳುತ್ತಿದ್ದಾರೆ. ನಾನು ಮಾಡಿದ ಎಡವಟ್ಟುಗಳಿಂದಲೇ ಶುರು ಮಾಡುತ್ತೇನೆ. ಅವೇ ಜಾಸ್ತಿ.

ಮೊದಲನೆಯದು ಹೆಸರು. ಚಾನೆಲ್‌ಗೆ 'ಕಥೋಲಿಕ' ಅನ್ನೋ ಪದ ಸೇರಿಸಿ ಗಟ್ಟಿಯಾದ ಹೆಸರೊಂದನ್ನು ಇಟ್ಟೆ. ಲೋಗೋ ಮಾಡಿಸೋಕೆ ಮೂರು ವಾರ ಹಿಡಿಯಿತು. ಖುಷಿಯಿಂದ ನಮ್ಮ ಫಾದರ್‌ಗೆ ತೋರಿಸಿದರೆ ಅವರು ಕೇಳಿದ್ದು ಒಂದೇ ಮಾತು: "ಯಾರನ್ನು ಕೇಳಿ ಈ ಹೆಸರಿಟ್ಟೆಯಪ್ಪಾ?" ತಮಾಷೆ ಅಂದುಕೊಂಡೆ. ಅವರು ಕಪಾಟಿನಿಂದ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನು ಸಂಹಿತೆ ತೆಗೆದು 216ನೇ ನಿಯಮ ತೋರಿಸಿದರು. ವಿಶ್ವಾಸ ಸಾರುವ ಕೆಲಸಕ್ಕೆ ವಿಶ್ವಾಸಿಗಳು ತಾವಾಗಿಯೇ ಕೈಹಾಕಬಹುದು, ಅದು ಅವರ ಹಕ್ಕು. ಆದರೆ ಆ ಕೆಲಸ 'ಕಥೋಲಿಕ' ಅಂತ ಕರೆಸಿಕೊಳ್ಳಬೇಕಾದರೆ ಧರ್ಮಸಭೆಯಲ್ಲಿ ಆ ಅಧಿಕಾರ ಇರುವವರ ಒಪ್ಪಿಗೆ ಬೇಕು. ಲೋಗೋ ಕಸಕ್ಕೆ ಹೋಯಿತು. ಆದರೆ ಒಂದು ಲಾಭವೂ ಆಯಿತು. ಅವತ್ತಿನಿಂದ ಫಾದರ್ ನನ್ನ ಆಡಿಯೋ ಕೇಳೋಕೆ ಶುರು ಮಾಡಿದರು. ತಪ್ಪಿದ್ದರೆ ಪೂಜೆ ಮುಗಿದ ಮೇಲೆ ಬಾಗಿಲ ಹತ್ತಿರವೇ ಹಿಡಿದು ನಿಲ್ಲಿಸುತ್ತಾರೆ.

ಎರಡನೇ ಎಡವಟ್ಟು ಇನ್ನೂ ನಾಚಿಕೆಗೇಡು. ಅಕ್ಟೋಬರ್ 4, ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬ. 'ನನ್ನನ್ನು ನಿಮ್ಮ ಶಾಂತಿಯ ಸಾಧನವಾಗಿಸಿ' ಎಂಬ ಪ್ರಾರ್ಥನೆಯನ್ನು ಸಂತರ ಚಿತ್ರದ ಮೇಲೆ ಅಚ್ಚುಕಟ್ಟಾಗಿ ಕೂರಿಸಿ, 'ಸಂತ ಫ್ರಾನ್ಸಿಸರು ಬರೆದದ್ದು' ಅಂತ ಹಾಕಿದೆ. ಎಲ್ಲರೂ ಹಂಚಿಕೊಂಡರು. ಸಂಜೆ ಹೊತ್ತಿಗೆ ಹಿರಿಯರೊಬ್ಬರು ಎರಡೇ ಸಾಲು ಬರೆದರು. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಈ ಪ್ರಾರ್ಥನೆ ಮೊದಲು ಅಚ್ಚಾದದ್ದು 1912ರಲ್ಲಿ, ಫ್ರಾನ್ಸ್‌ನ ಒಂದು ಪುಟ್ಟ ಪತ್ರಿಕೆಯಲ್ಲಿ, ಬರೆದವರ ಹೆಸರೇ ಇಲ್ಲದೆ. ಹುಡುಕಿ ನೋಡಿದರೆ ಅವರು ಹೇಳಿದ್ದು ಸರಿ. ಪ್ರಾರ್ಥನೆ ಚೆನ್ನಾಗಿದೆ, ಈಗಲೂ ಹೇಳಿಕೊಳ್ಳುತ್ತೇನೆ. ಆದರೆ ಇಷ್ಟು ಚಿಕ್ಕ ವಿಷಯದಲ್ಲಿ ಸುಳ್ಳು ಹೇಳಿದವನು ಪುನರುತ್ಥಾನದ ಬಗ್ಗೆ ಮಾತಾಡಿದರೆ ಯಾರು ನಂಬುತ್ತಾರೆ?

ಅಂದಿನಿಂದ ಸಂತರ ಮಾತು, ಪೋಪ್ ಮಾತು ಅಂತ ಏನೇ ಬರಲಿ, ಮೂಲ ಸಿಗದಿದ್ದರೆ ಹಾಕೋದಿಲ್ಲ. ಪೋಪ್ ಹೇಳಿದ್ದಾದರೆ ವ್ಯಾಟಿಕನ್‌ನ ವೆಬ್‌ಸೈಟ್‌ನಲ್ಲಿ ಹುಡುಕುತ್ತೇನೆ. 1995ರ ಕ್ರಿಸ್‌ಮಸ್ ದಿನ ಶುರುವಾದ ಸೈಟ್ ಅದು. ಅದರ ಸರ್ವರ್‌ಗಳಿಗೆ ರಫಾಯೇಲ, ಮಿಕಾಯೇಲ, ಗಬ್ರಿಯೇಲ ಅಂತ ಮಹಾದೂತರ ಹೆಸರೇ ಇಟ್ಟಿದ್ದರಂತೆ. ನನಗಂತೂ ಇದು ಬಹಳ ಇಷ್ಟವಾದ ಸಂಗತಿ. ಪ್ರವಚನ, ಪತ್ರ, ಸಂದೇಶ ಎಲ್ಲವೂ ತಾರೀಖಿನ ಪ್ರಕಾರ ಅಲ್ಲಿವೆ. ಪೋಪ್ ಫ್ರಾನ್ಸಿಸ್ ದಪ್ಪನೆಯ ಬಿಳಿ ಜಾಕೆಟ್ ಹಾಕಿಕೊಂಡ ಫೋಟೋ 2023ರಲ್ಲಿ ಎಲ್ಲ ಕಡೆ ಓಡಾಡಿತು, ನೆನಪಿದೆಯಾ? ಕಂಪ್ಯೂಟರ್ ಹುಟ್ಟಿಸಿದ ಚಿತ್ರ ಅದು. ನಮ್ಮ ಗುಂಪಿಗೆ ಅದನ್ನು ಕಳಿಸಿದವರು ಒಳ್ಳೆಯ ಓದಿದವರೇ.

'ಇದನ್ನು ಹತ್ತು ಜನರಿಗೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ ಬರುತ್ತದೆ' ಅನ್ನೋ ಮೆಸೇಜ್‌ಗಳಿಗಂತೂ ನನ್ನ ಹತ್ತಿರ ಒಂದೇ ಉತ್ತರ: ಕಥೋಲಿಕ ವಿಶ್ವಾಸವನ್ನು ವಿವರಿಸುವ ಧರ್ಮೋಪದೇಶ ಗ್ರಂಥದ 2111ನೇ ಪರಿಚ್ಛೇದ. ಮನಸ್ಸಿಲ್ಲದೆ ಬರೀ ಹೊರಗಿನ ಕ್ರಿಯೆಯಿಂದಲೇ ಪ್ರಾರ್ಥನೆ ಫಲ ಕೊಡುತ್ತದೆ ಅಂದುಕೊಳ್ಳುವುದು ಮೂಢನಂಬಿಕೆ ಅಂತ ಅಲ್ಲಿ ನೇರವಾಗಿ ಹೇಳಿದೆ.

ಇನ್ನು ಆಡಿಯೋ ಮಾಡುವ ವಿಚಾರ. 'ನಾಳೆ ಏನು ಮಾತಾಡೋದು' ಅನ್ನೋ ಚಿಂತೆಯೇ ನನಗಿಲ್ಲ. ದಿನದಿನದ ಪೂಜೆಯಲ್ಲಿ ಓದಬೇಕಾದ ಬೈಬಲ್ ವಾಚನಗಳ ಪಟ್ಟಿಯನ್ನು ಧರ್ಮಸಭೆ ಮೊದಲೇ ತಯಾರಿಸಿಟ್ಟಿದೆ. ಭಾನುವಾರಗಳಿಗೆ ಮೂರು ವರ್ಷದ ಸುತ್ತು, ವಾರದ ದಿನಗಳ ಮೊದಲ ವಾಚನಕ್ಕೆ ಬಹುಪಾಲು ಎರಡು ವರ್ಷದ ಸುತ್ತು. ನನಗೆ ಬೇಕಾದ್ದನ್ನು ನಾನೇ ಆರಿಸಿಕೊಂಡಿದ್ದರೆ ಬರೀ ಒಳ್ಳೆಯ ಕುರುಬ, ದುಂದುಗಾರ ಮಗ, ಇವನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದೆ. ಪಟ್ಟಿ ಹಾಗೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಒಬ್ಬ ಮೋಸಗಾರ ಮೇಲ್ವಿಚಾರಕ ಬರುತ್ತಾನೆ. ಕೆಲಸ ಹೋಗುತ್ತದೆ ಅಂತ ಗೊತ್ತಾದಾಗ ಯಜಮಾನನ ಸಾಲಗಾರರ ಪತ್ರದಲ್ಲಿ ಸಾಲ ಕಡಿಮೆ ಮಾಡಿ ತಿದ್ದಿಸುತ್ತಾನೆ. ಯಜಮಾನ ಅವನನ್ನು ಬೈಯುವ ಬದಲು ಹೊಗಳುತ್ತಾನೆ. ಯಾಕೆ? ಮೂರು ದಿನ ಒದ್ದಾಡಿದೆ. ಕೊನೆಗೆ ಆಡಿಯೋದಲ್ಲಿ "ಈ ಸಾಮತಿ (ಯೇಸು ಹೇಳಿದ ನೀತಿಕಥೆ) ನನಗೂ ಕಬ್ಬಿಣದ ಕಡಲೆಯೇ" ಅಂತಲೇ ಶುರು ಮಾಡಿದೆ. ಆ ವರ್ಷ ಅತಿ ಹೆಚ್ಚು ಉತ್ತರ ಬಂದದ್ದು ಅದಕ್ಕೇ. ಜನರಿಗೂ ಅಲ್ಲಿ ಮೊದಲಿನಿಂದಲೂ ಮುಳ್ಳು ಚುಚ್ಚುತ್ತಿತ್ತು, ಕೇಳೋಕೆ ಸಂಕೋಚ ಅಷ್ಟೇ.

ಸಲಕರಣೆ ಅಂತ ದೊಡ್ಡದೇನಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ಕೂರುತ್ತೇನೆ. ಬಟ್ಟೆ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯುತ್ತೇನೆ. ನೇರ ಹಿಡಿದರೆ 'ಪ್ರಭು' ಅಂದಾಗಲೆಲ್ಲ ಉಸಿರು ಬಡಿದು ಢಬ್ ಅನ್ನುತ್ತದೆ. ನಮ್ಮ ಮಾತಿನಲ್ಲಿ 'ಪ್ರಭು' ಬರುವುದೂ ಜಾಸ್ತಿ ಅಲ್ವಾ!

ಯೂಟ್ಯೂಬ್ ಒಂದು ಗೆರೆ ತೋರಿಸುತ್ತದೆ, ಜನ ಎಷ್ಟನೇ ಸೆಕೆಂಡಿಗೆ ಎದ್ದು ಹೋದರು ಅಂತ. ಮೊದಲ ಬಾರಿ ನೋಡಿದಾಗ ಎದೆ ಧಸಕ್ ಅಂದಿತು. ಇಪ್ಪತ್ತನೇ ಸೆಕೆಂಡಿಗೆ ಅರ್ಧ ಜನ ಖಾಲಿ. ಆಗ ನಾನು ಇನ್ನೂ 'ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ' ಮುಗಿಸಿ ಹವಾಮಾನಕ್ಕೆ ಬಂದಿದ್ದೆ. ಈಗ ನಮಸ್ಕಾರ ಕೊನೆಯಲ್ಲಿ. ಮೊದಲ ಮಾತೇ ಒಂದು ಪ್ರಶ್ನೆ.

2020ರಲ್ಲಿ ಎಲ್ಲ ಬಾಗಿಲು ಮುಚ್ಚಿದಾಗ ಜೂಮ್‌ನಲ್ಲಿ ಜಪಸರ (ಮಣಿ ಎಣಿಸುತ್ತಾ ಮಾತೆ ಮರಿಯಳಿಗೆ ಹೇಳುವ ಪ್ರಾರ್ಥನೆ) ಶುರು ಮಾಡಿದೆವು. ಮೊದಲ ದಿನ ನಲವತ್ತು ಮನೆಗಳು. 'ನಮೋ ಮರಿಯಾ' ಅಂದೆ. 'ಸಂತ ಮರಿಯಾ' ಅಂತ ಉತ್ತರ ಬಂತು ನೋಡಿ, ಒಬ್ಬೊಬ್ಬರದು ಒಂದೊಂದು ಕ್ಷಣಕ್ಕೆ, ಜಾತ್ರೆಯ ಗದ್ದಲದ ಹಾಗೆ. ಮಧ್ಯೆ ಯಾರದೋ ಕುಕ್ಕರ್ ಸೀಟಿ. ಮಕ್ಕಳು ನಕ್ಕರು, ನಾನೂ ನಕ್ಕೆ. ಎರಡನೇ ದಿನ ಎಲ್ಲರ ಮೈಕ್ ಬಂದ್, ಒಂದು ಮನೆಯವರು ಮಾತ್ರ ಉತ್ತರ ಹೇಳೋದು, ದಿನಕ್ಕೊಂದು ಮನೆ. ಅದು ಈಗಲೂ ನಡೆಯುತ್ತಿದೆ. ಹಾಸಿಗೆ ಹಿಡಿದ ಒಬ್ಬ ಅಜ್ಜಿ ಒಂದು ದಿನವೂ ತಪ್ಪಿಸಿಲ್ಲ. "ಪೂಜೆಯನ್ನು ಟಿವಿಯಲ್ಲಿ ನೋಡೋದು ಪಾಪವೇನಪ್ಪಾ?" ಅಂತ ಅವರು ಕೇಳಿದಾಗ ಸಂತ ಫ್ರಾನ್ಸಿಸರ ಶಿಷ್ಯೆ ಸಂತ ಕ್ಲಾರಳ ಕಥೆ ಹೇಳಿದೆ. ಕಾಯಿಲೆಯಿಂದ ಏಳಲಾಗದೆ ಮಲಗಿದ್ದ ಆಕೆಗೆ ಕ್ರಿಸ್‌ಮಸ್ ರಾತ್ರಿಯ ಆರಾಧನೆ ಕೋಣೆಯಲ್ಲೇ ಕಾಣಿಸಿತಂತೆ. ಅದಕ್ಕೇ 1958ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಆಕೆಯನ್ನು ಟೆಲಿವಿಷನ್‌ನ ಪಾಲಕಿ ಅಂತ ಘೋಷಿಸಿದ್ದು. ಅಜ್ಜಿಗೆ ಸಮಾಧಾನವಾಯಿತು. ಆದರೆ ಪೂಜೆಯಲ್ಲಿ ಕೊಡುವ ರೊಟ್ಟಿ, ಪರಮಪ್ರಸಾದ, ಟಿವಿಯಿಂದ ಬರೋದಿಲ್ಲವಲ್ಲ. ಅದನ್ನು ಮನೆಗೇ ತಂದುಕೊಡುವಂತೆ ಫಾದರ್‌ಗೆ ಹೇಳಿದ್ದು ನನ್ನ ಆ ವರ್ಷದ ದೊಡ್ಡ ಕೆಲಸ.

ವಾದಕ್ಕೆ ಬರುವವರ ವಿಷಯ ಬೇಗ ಮುಗಿಸುತ್ತೇನೆ. 'ನೀವು ಮರಿಯಳನ್ನು ಆರಾಧಿಸುತ್ತೀರಿ' ಅಂತ ಒಬ್ಬರು ಹೇಳಿದ್ದಕ್ಕೆ ರಾತ್ರಿ ಎರಡರ ತನಕ ಜಗಳ ಆಡಿದ್ದೇನೆ. ಉತ್ತರ ಸರಿಯಾಗಿಯೇ ಇತ್ತು: ಆರಾಧನೆ ದೇವರಿಗೆ ಮಾತ್ರ, ಮಾತೆಗೆ ಸಲ್ಲುವುದು ಗೌರವ. ಧಾಟಿ ಮಾತ್ರ ಹೊಲಸಾಗಿತ್ತು. ಬೈಬಲ್‌ನಲ್ಲಿ ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ನಿಮ್ಮ ನಂಬಿಕೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅಂತಿದೆ. ನಾವು ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತೇವೆ. ಅದರ ಬೆನ್ನಿಗೇ 'ವಿನಯದಿಂದ, ಗೌರವದಿಂದ' ಅಂತಲೂ ಇದೆ. ಈಗ ಎರಡು ಸಲ ಉತ್ತರಿಸುತ್ತೇನೆ. ಮೂರನೇ ಸಲಕ್ಕೆ ಸುಮ್ನೆ ಮಲಗುತ್ತೇನೆ.

ನಿಜವಾದ ಕೆಲಸ ಎಲ್ಲರಿಗೂ ಕಾಣುವ ಜಾಗದಲ್ಲಿ ನಡೆಯೋದೇ ಇಲ್ಲ. ಅದು ಒಬ್ಬರೇ ನನಗೊಬ್ಬನಿಗೇ ಬರೆಯುವ ಮೆಸೇಜ್‌ನಲ್ಲಿ ಇರುತ್ತದೆ, ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ. ಒಬ್ಬ ಹುಡುಗ ಹೀಗೆ ಬರೆದ: "ಅಣ್ಣಾ, ಪಾಪನಿವೇದನೆ ಮಾಡಿ ಹನ್ನೆರಡು ವರ್ಷ ಆಯ್ತು. ಹೇಗೆ ಶುರು ಮಾಡ್ಬೇಕು ಅಂತಾನೇ ಮರೆತುಹೋಗಿದೆ. ನಿಮ್ಗೆ ಹೇಳ್ಲಾ?" ಅದರ ಕೆಳಗೆ 'ಟೈಪಿಂಗ್' ಅಂತ ತೋರಿಸುತ್ತಲೇ ಇತ್ತು. ಗಾಬರಿಯಾಗಿ ತಕ್ಷಣ ಬರೆದೆ: "ನಿಲ್ಲು ತಮ್ಮಾ, ನನಗೆ ಹೇಳಬೇಡ."

ಯಾಕೆಂದರೆ ನಾನು ಗುರು ಅಲ್ಲ, ಕ್ಷಮೆ ಕೊಡಲಾರೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳಬಾರದೆಂಬ ಗುಟ್ಟಿನ ಮುದ್ರೆ ಗುರುವಿನ ಬಾಯಿಗೆ ಇದೆ, ನನ್ನ ಫೋನಿಗಿಲ್ಲ. ಅಲ್ಲಿ ಬರೆದದ್ದು ಯಾವತ್ತೋ ಇನ್ಯಾರ ಕಣ್ಣಿಗೋ ಬೀಳಬಹುದು. ನನ್ನ ಜಾಗದಲ್ಲಿ ಗುರುವೇ ಇದ್ದರೂ ಫೋನಿನಲ್ಲಿ ಆ ಸಂಸ್ಕಾರ (ಧರ್ಮಸಭೆಯ ಪವಿತ್ರ ವಿಧಿ) ಆಗೋದಿಲ್ಲ. ಇಂಟರ್‌ನೆಟ್ ಬಗ್ಗೆ ವ್ಯಾಟಿಕನ್ 2002ರಲ್ಲಿ ಹೊರತಂದ ದಾಖಲೆಯಲ್ಲಿ ಇದು ಒಂದೇ ಮಾತಿನಲ್ಲಿದೆ: ಇಂಟರ್‌ನೆಟ್‌ನಲ್ಲಿ ಸಂಸ್ಕಾರಗಳಿಲ್ಲ. ಇದನ್ನೆಲ್ಲ ಅವನಿಗೆ ಪಾಠ ಮಾಡಲಿಲ್ಲ. "ನನಗೆ ಬರೆದ ಮೊದಲ ಎರಡು ಸಾಲು ಇದೆಯಲ್ಲ, ಅದನ್ನೇ ಹೋಗಿ ಫಾದರ್‌ಗೆ ಹೇಳು. ಮರೆತುಹೋಗಿದೆ ಅಂದರೆ ಮುಂದಿನದನ್ನು ಅವರೇ ಹೇಳಿಕೊಡ್ತಾರೆ. ಗೊತ್ತಿರೋ ಮುಖ ಬೇಡ ಅನ್ನಿಸಿದರೆ ಬೇರೆ ಚರ್ಚಿಗೆ ಹೋಗು" ಅಂದೆ. ನೀಲಿ ಗೆರೆ ಬಂತು. ಉತ್ತರ ಇಲ್ಲ.

ಒಂದು ತಿಂಗಳು ಏನೂ ಇಲ್ಲ. ಆಡಿಯೋ ಕೇಳುವವರ ಪಟ್ಟಿಯಲ್ಲೂ ಅವನಿಲ್ಲ. ಕೆಟ್ಟದಾಗಿ ಹೇಳಿದೆನೇನೋ ಅಂತ ಬೇಜಾರಾಯಿತು. ಕೊನೆಗೆ ನಾನೇ ಸಂಕೋಚದಿಂದ "ಹೇಗಿದ್ದೀಯಾ?" ಅಂತ ಕೇಳಿದೆ.

"ಚೆನ್ನಾಗಿದ್ದೀನಿ ಅಣ್ಣಾ. ನಿಮ್ಮ ಆಡಿಯೋ ಕೇಳೋಕಾಗ್ತಿಲ್ಲ, ಬೇಜಾರು ಮಾಡ್ಕೋಬೇಡಿ. ಅದೇ ಟೈಮಿಗೆ ಬೆಳಿಗ್ಗೆ ಪೂಜೆಗೆ ಹೋಗ್ತಿದ್ದೀನಿ."