ಭಾನುವಾರ ಮಧ್ಯಾಹ್ನ ಪಬ್‌ನಲ್ಲಿ ರೋಸ್ಟ್ ಊಟ: ಹೇಗೆ ಹೋಗಬೇಕು, ಏನು ತಿನ್ನಬೇಕು

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಎಷ್ಟೋ ಜನ ಪಬ್ ಅಂದ್ರೆ ಬರೀ ಕುಡಿಯೋ ಜಾಗ ಅಂದುಕೊಂಡು ಒಳಗೇ ಹೋಗುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಹೋಗಿ ನೋಡಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು, ಮೇಜಿನ ಕೆಳಗೆ ಮಲಗಿರುವ ನಾಯಿ, ಹೀಗೆ ಇಡೀ ಸಂಸಾರವೇ ಬಂದು ಊಟಕ್ಕೆ ಕೂತಿರುತ್ತದೆ.

ಮೊದಲು ಟೇಬಲ್ ಬುಕ್ ಮಾಡಿ. ರೋಸ್ಟ್ ಅಂದ್ರೆ ಓವನ್‌ನಲ್ಲಿ ಹುರಿದ ಮಾಂಸ, ಜೊತೆಗೆ ಆಲೂಗಡ್ಡೆ, ತರಕಾರಿ, ಗ್ರೇವಿ. ಸಾಮಾನ್ಯವಾಗಿ 12 ಗಂಟೆಗೆ ಶುರು, ಖಾಲಿಯಾದರೆ ಅವತ್ತಿಗೆ ಮುಗೀತು. ಒಂದು ಸಲ ನಾವು 4 ಗಂಟೆಗೆ ಹೋದಾಗ ಬೀಫೂ ಇಲ್ಲ, ಲ್ಯಾಂಬೂ ಇಲ್ಲ, ಉಳಿದಿದ್ದು ಚಿಕನ್ ಮಾತ್ರ. 1 ಗಂಟೆ ಒಳ್ಳೆಯ ಹೊತ್ತು. ಬೆಳಗ್ಗೆ ತಿಂಡಿ ಕಮ್ಮಿ ಮಾಡಿ, ತಟ್ಟೆ ದೊಡ್ಡದಿರುತ್ತದೆ.

ಬಹಳ ಕಡೆ ಆರ್ಡರ್ ಕೇಳಲು ಯಾರೂ ಟೇಬಲ್ ಹತ್ತಿರ ಬರುವುದಿಲ್ಲ. ಟೇಬಲ್ ನಂಬರ್ ನೋಡಿಕೊಂಡು ನೀವೇ ಬಾರ್‌ಗೆ ಹೋಗಿ ಹೇಳಬೇಕು. ಬಿಯರ್ ಒಂದು ಪೈಂಟ್ ಅಂದ್ರೆ 568 ಮಿಲಿ, ಊಟದ ಜೊತೆ ಅಷ್ಟು ಜಾಸ್ತಿ ಅನಿಸಿದರೆ ಅರ್ಧ ಪೈಂಟ್ ಕೇಳಿ. ಕುಡಿಯದವರು ಲೈಮ್ ಸೋಡಾ ತಗೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಬೀಫ್‌ಗೆ ಹಾರ್ಸ್‌ರ್ಯಾಡಿಶ್ ಸಾಸ್, ಲ್ಯಾಂಬ್‌ಗೆ ಪುದೀನ ಸಾಸ್, ಪೋರ್ಕ್‌ಗೆ ಸೇಬಿನ ಸಾಸ್. ಹಾರ್ಸ್‌ರ್ಯಾಡಿಶ್ ಒಂದು ಖಾರದ ಬೇರು, ಮೂಗಿಗೆ ಏರುತ್ತದೆ, ಮೊದಲು ಸ್ವಲ್ಪವೇ ಹಾಕಿಕೊಳ್ಳಿ.

ಸಸ್ಯಾಹಾರಿಗಳು ಇದನ್ನು ಗಮನ ಇಟ್ಟು ಓದಿ. ನಿಮಗೆ ಮಾಂಸದ ಬದಲು ನಟ್ ರೋಸ್ಟ್ (ಗೋಡಂಬಿಯಂಥ ಬೀಜಗಳನ್ನು ಪುಡಿ ಮಾಡಿ ಬೇಯಿಸಿದ್ದು) ಸಿಗುತ್ತದೆ, ಆದರೆ ಪಕ್ಕದಲ್ಲಿರುವ ಆಲೂಗಡ್ಡೆಯನ್ನು ಬೀಫ್ ಕೊಬ್ಬಿನಲ್ಲೋ ಬಾತುಕೋಳಿ ಕೊಬ್ಬಿನಲ್ಲೋ ಹುರಿದಿರಬಹುದು, ಗ್ರೇವಿ ಮಾಂಸದ ರಸದ್ದೇ ಇರಬಹುದು, ಯಾರ್ಕ್‌ಶೈರ್ ಪುಡ್ಡಿಂಗ್‌ನಲ್ಲಂತೂ ಮೊಟ್ಟೆ ಇದ್ದೇ ಇರುತ್ತದೆ. ಒಂದೊಂದನ್ನೂ ಹೆಸರು ಹೇಳಿ ಕೇಳಿ. ಸಂಕೋಚ ಬೇಡ, ಅವರಿಗೆ ಇದು ದಿನಾ ಬರುವ ಪ್ರಶ್ನೆ.

ಈ ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿ ತಿಂಡಿ ಅಲ್ಲ. ಮೈದಾ, ಮೊಟ್ಟೆ, ಹಾಲು ಕಲಸಿದ ಹಿಟ್ಟನ್ನು ಸುಡು ಸುಡು ಕೊಬ್ಬಿಗೆ ಸುರಿದು ಓವನ್‌ನಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿಯಾಗಿ ಮೇಲೆದ್ದು, ನಡುವೆ ಬಟ್ಟಲಿನ ಹಾಗೆ ಗುಳಿ ಬೀಳುತ್ತದೆ. 4 ಇಂಚು ಎತ್ತರ ಇಲ್ಲದಿದ್ದರೆ ಅದು ಯಾರ್ಕ್‌ಶೈರ್ ಪುಡ್ಡಿಂಗೇ ಅಲ್ಲ ಅಂತ 2008ರಲ್ಲಿ ಅಲ್ಲಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಹೇಳಿತ್ತು! ಮಾಂಸ ದುಬಾರಿಯಾಗಿದ್ದ ಕಾಲದಲ್ಲಿ ಮೊದಲು ಇದನ್ನೇ ಗ್ರೇವಿ ಜೊತೆ ಬಡಿಸಿ ಹೊಟ್ಟೆ ತುಂಬಿಸುತ್ತಿದ್ದರಂತೆ. ಆ ಗುಳಿಗೆ ಗ್ರೇವಿ ತುಂಬಿಸಿ, ಅಂಚು ಮೆತ್ತಗಾಗುವ ಮೊದಲೇ ಮುರಿದು ಅದ್ದಿ ತಿನ್ನಿ. ನನಗೆ ಇಡೀ ತಟ್ಟೆಯಲ್ಲಿ ಇದಕ್ಕಿಂತ ರುಚಿ ಬೇರೆ ಇಲ್ಲ.

ಗ್ರೇವಿ ಸಾಮಾನ್ಯವಾಗಿ ಸಾಲುವುದಿಲ್ಲ. ಮನೆಯಲ್ಲಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತೇವಲ್ಲ, ಹಾಗೇ ಇನ್ನೊಂದು ಜಗ್ ಕೇಳಿ. ಕ್ಯಾರೆಟ್, ಎಲೆಕೋಸು ಬರೀ ಬೇಯಿಸಿದ್ದು, ಅದಕ್ಕೂ ಇದೇ ಬೇಕು. ನೋಡಲು ಬಿಳಿ ಕ್ಯಾರೆಟ್ ಹಾಗಿರುವ ಪಾರ್ಸ್ನಿಪ್ ಮಾತ್ರ ಹುರಿದಾಗ ಸಿಹಿಯಾಗಿರುತ್ತದೆ, ಹಾಗೇ ತಿನ್ನಿ.

ಕೊನೆಗೆ ಸ್ಟಿಕಿ ಟಾಫಿ ಪುಡ್ಡಿಂಗ್, ಬಿಸಿ ಕಸ್ಟರ್ಡ್ ಜೊತೆ. ಇದು ಮಾತ್ರ ಸಿಹಿ, ಟಾಫಿ ಸಾಸ್ ಸುರಿದ ಖರ್ಜೂರದ ಕೇಕ್. ಅಷ್ಟೊತ್ತಿಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಒಂದೇ ತರಿಸಿ, ಚಮಚ ಎರಡು ಕೇಳಿ.