ಅನುವಾದಕ್ಕೆ ಒಪ್ಪುವ ಮೊದಲು ಗಂಟೆಯ ಲೆಕ್ಕ ಹಾಕಿ

ಕಾಸರಗೋಡಿನ ನಮ್ಮಂಥವರಿಗೆ ಮಲಯಾಳದಿಂದ ಕನ್ನಡಕ್ಕೆ ಅನುವಾದದ ಕೆಲಸ ಆಗಾಗ ಸಿಗುತ್ತದೆ. ಪದಕ್ಕೆ 50 ಪೈಸೆ ಅಂದ ಕೂಡಲೇ ಸುಮ್ನೆ ಹೂಂ ಅನ್ನಬೇಡಿ. ಸಾವಿರ ಪದಕ್ಕೆ 500 ರೂಪಾಯಿ ಆಯಿತು. ಟೈಪಿಂಗ್, ತಿದ್ದುಪಡಿ, ಫೋನಿನ ಮಾತುಕತೆ ಎಲ್ಲ ಸೇರಿ ಐದು ಗಂಟೆ ಹಿಡಿದರೆ ಗಂಟೆಗೆ ಬರೀ 100.

ಪದ ಎಣಿಸುವುದು ಮೂಲದಲ್ಲೋ ಅನುವಾದದಲ್ಲೋ ಅಂತ ಕೇಳಿ. ಮಲಯಾಳದಲ್ಲಿ ಎರಡು ಮೂರು ಪದ ಕೂಡಿಸಿ ಬರೆಯುವುದು ಜಾಸ್ತಿ ಅಲ್ವಾ, ಮೂಲದ ಲೆಕ್ಕವಾದರೆ ನಷ್ಟ ನಮಗೇ. ಟೈಪ್ ಮಾಡಬೇಕಾದದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲೋ, ಫೋನಿನಲ್ಲೂ ಓದಲು ಬರುವ ಯುನಿಕೋಡಿನಲ್ಲೋ ಅನ್ನುವುದೂ ಮೊದಲೇ ಗೊತ್ತಿರಲಿ. ಆಮೇಲೆ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತು ಕೆಟ್ಟು ಮತ್ತೆ ತಿದ್ದುತ್ತಾ ಕೂರಬೇಕು.

ಸ್ಯಾಂಪಲ್‌ಗೆ ಒಂದು ಪ್ಯಾರಾ ಸಾಕು. ಇಡೀ ಅಧ್ಯಾಯ ಕೇಳಿದರೆ ಬಿಟ್ಟಿ ಕೆಲಸ ಅಂತಲೇ ತಿಳಿಯಿರಿ. ದುಡ್ಡು ಯಾವಾಗ ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.