ಬೆಟ್ಟದಿಂದ ಸರೋವರಕ್ಕೆ: ಖ್ಮೇರ್ ಗುಡಿಗಳನ್ನೂ ನೀರಿನ ಹಳ್ಳಿಗಳನ್ನೂ ಒಟ್ಟಿಗೆ ನೋಡುವುದು ಹೇಗೆ?

ಕಾಂಬೋಡಿಯಾಕ್ಕೆ ಹೋಗುವ ಹೆಚ್ಚಿನವರ ಪ್ರವಾಸ ಒಂದೇ ಥರ ಇರುತ್ತದೆ. ಕತ್ತಲಲ್ಲೇ ಎದ್ದು ಅಂಕೋರ್ ವಾಟ್ ಮುಂದೆ ಸೂರ್ಯೋದಯದ ಫೋಟೊ, ಮಧ್ಯಾಹ್ನದೊಳಗೆ ಇನ್ನೆರಡು ಗುಡಿ, ಮರುದಿನ ದೋಣಿಯಲ್ಲಿ ಒಂದು ಸುತ್ತು, ಅಲ್ಲಿಗೆ ಮುಗಿಯಿತು. ಗುಡಿಯೇ ಬೇರೆ, ಹಳ್ಳಿಯೇ ಬೇರೆ ಎಂದು ನೋಡಿದರೆ ಎರಡೂ ಅರ್ಧಂಬರ್ಧ ಕಾಣುತ್ತವೆ. ಈ ಗುಡಿಗಳನ್ನು ಕಟ್ಟಿದ ಖ್ಮೇರ್ ಜನರ ಹೊಟ್ಟೆ ತುಂಬಿಸಿದ್ದು ತೊನ್ಲೆ ಸಾಪ್ ಸರೋವರದ ಮೀನು ಮತ್ತು ಸುತ್ತಲಿನ ಗದ್ದೆಗಳ ಅಕ್ಕಿ. ಗುಡಿಯ ಕಲ್ಲು ಬಂದದ್ದು ಕುಲೆನ್ ಬೆಟ್ಟದ ಕಡೆಯಿಂದ. ಗುಡಿಗಳ ಪಕ್ಕದ ಸಿಯೆಮ್ ರೀಪ್ ಊರಿನ ನದಿ ಹುಟ್ಟುವುದೂ ಅಲ್ಲೇ. ಹಾಗಾಗಿ ನೀರು ಹರಿಯುವ ದಾರಿಯಲ್ಲೇ ಪ್ರವಾಸ ಮಾಡಿ ಎಂಬುದು ನನ್ನ ಸಲಹೆ. ಬೆಟ್ಟದಲ್ಲಿ ಶುರು ಮಾಡಿ, ಗುಡಿಗಳ ನಡುವೆ ಹಾದು, ಸರೋವರದಲ್ಲಿ ಮುಗಿಸಿ. ನಾಲ್ಕು ದಿನ ಸಾಕು.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಟಿಕೆಟ್ ಬುಕ್ ಮಾಡುವ ಮುಂಚೆ ಸರೋವರದ ಲೆಕ್ಕ ತಿಳಿದಿರಬೇಕು. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿದಾಗ ಅದರ ನೀರು ತೊನ್ಲೆ ಸಾಪ್ ನದಿಯೊಳಗೆ ಹಿಂದಕ್ಕೆ ನುಗ್ಗುತ್ತದೆ. ಬೇರೆ ಸಮಯದಲ್ಲಿ ಸರೋವರದಿಂದ ಹೊರಗೆ ಹರಿಯುವ ನದಿ ಆಗ ಸರೋವರದ ಕಡೆಗೇ ಹರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಮಳೆಗಾಲ ಮುಗಿಯುವ ಹೊತ್ತಿಗೆ ಐದಾರು ಪಟ್ಟು ಹರಡಿಕೊಳ್ಳುತ್ತದೆ. ದಡದ ಕಾಡು ಮುಳುಗುತ್ತದೆ. ಆ ಕಾಡಿನ ಬೇರು, ಟೊಂಗೆಗಳ ನಡುವೆಯೇ ಮೀನು ಮರಿಗಳು ಬೆಳೆಯುತ್ತವೆ.

ನವೆಂಬರ್ ಹೊತ್ತಿಗೆ ನೀರು ಮತ್ತೆ ದಿಕ್ಕು ಬದಲಿಸುತ್ತದೆ. ನಮ್ಮ ಕಾರ್ತಿಕ ಹುಣ್ಣಿಮೆಯ ಆಸುಪಾಸಿನಲ್ಲಿ ಕಾಂಬೋಡಿಯಾದವರು ಜಲೋತ್ಸವ ಮಾಡುತ್ತಾರೆ, ದೋಣಿ ಪಂದ್ಯ ನಡೆಸುತ್ತಾರೆ. ನವೆಂಬರ್, ಡಿಸೆಂಬರ್ ತಿಂಗಳೇ ಒಳ್ಳೆಯದು. ಬಿಸಿಲು ಕಡಿಮೆ, ಸರೋವರದಲ್ಲೂ ನೀರಿರುತ್ತದೆ. ಮಾರ್ಚ್‌ನಿಂದ ಮೇ ತನಕ ಸೆಕೆ ಜಾಸ್ತಿ, ದೋಣಿ ಹೋಗುವಷ್ಟು ನೀರಿಲ್ಲದ ಕಾಲುವೆಗಳೂ ಇರುತ್ತವೆ.

ಕಾಗದಪತ್ರ, ದುಡ್ಡು, ಪಾಸ್

ಬೆಂಗಳೂರಿನಿಂದ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್ ತಲುಪಬಹುದು. ಥಾಯ್ಲೆಂಡ್‌ನಿಂದ ರಸ್ತೆಯಲ್ಲಿ ದಾಟುವ ಯೋಚನೆ ಬೇಡ. 2025ರಲ್ಲಿ ಎರಡು ದೇಶಗಳ ನಡುವೆ ಘರ್ಷಣೆಯಾಗಿ ಗಡಿಯನ್ನೇ ಮುಚ್ಚಿದ್ದರು. ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಕಾಂಬೋಡಿಯಾ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಹಾಗೇ ಕಾಣುವ ಏಜೆಂಟರ ತಾಣಗಳಲ್ಲಿ ಸುಮ್ನೆ ಜಾಸ್ತಿ ದುಡ್ಡು ಹೋಗುತ್ತದೆ. ವಿಮಾನದಲ್ಲಿ ಬರುವವರು ಇ-ಅರೈವಲ್ ಅರ್ಜಿಯನ್ನೂ ತುಂಬಬೇಕು.

ಅಲ್ಲಿ ಡಾಲರ್, ರಿಯೆಲ್ ಎರಡೂ ನಡೆಯುತ್ತವೆ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್. ಅಂಚು ಸ್ವಲ್ಪ ಹರಿದ ಡಾಲರ್ ನೋಟನ್ನೂ ವಾಪಸ್ ಕೊಡುತ್ತಾರೆ, ಬ್ಯಾಂಕಿನಿಂದ ತರುವಾಗಲೇ ನೋಡಿ ತನ್ನಿ.

ಗುಡಿಗಳ ಒಳಗೆ ಹೋಗಲು ಬೇಕಾದ ಅಂಕೋರ್ ಪಾಸ್‌ನಲ್ಲಿ ಮೂರು ಬಗೆ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸನ್ನು ಹತ್ತು ದಿನಗಳೊಳಗೆ, ಏಳು ದಿನದ್ದನ್ನು ಒಂದು ತಿಂಗಳೊಳಗೆ ಬಿಡುವು ಕೊಟ್ಟುಕೊಂಡು ಬಳಸಬಹುದು. ಇಲ್ಲಿ ಹೇಳುವ ನಾಲ್ಕೂ ದಿನ ಗುಡಿಗಳಿವೆ, ಹಾಗಾಗಿ ಹತ್ತು ಡಾಲರ್ ಹೋದರೆ ಹೋಗಲಿ, ಏಳು ದಿನದ್ದನ್ನೇ ತಗೊಳ್ಳಿ. ಮನೆಯ ಹಿರಿಯರು ಜೊತೆಗಿದ್ದರೂ ಅದೇ ಅನುಕೂಲ. ಬೆಳಿಗ್ಗೆ ನೋಡಿ, ಮಧ್ಯಾಹ್ನ ಮಲಗಿ, ಮತ್ತೆ ಸಂಜೆ ಹೋಗಬಹುದು. 12 ವರ್ಷದೊಳಗಿನ ಮಕ್ಕಳಿಗೆ ಪಾಸ್ ಬೇಡ, ಪಾಸ್‌ಪೋರ್ಟ್ ತೋರಿಸಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಮೊದಲ ದಿನ: ಬೆಟ್ಟದ ಕಡೆ

ಬೆಳಿಗ್ಗೆಯೇ ಕಾರು ಮಾಡಿಕೊಂಡು ಕ್ಬಾಲ್ ಸ್ಪಿಯನ್‌ಗೆ ಹೋಗಿ. ಸಿಯೆಮ್ ರೀಪ್‌ನಿಂದ ಸುಮಾರು 50 ಕಿಲೋಮೀಟರ್. ಕಾಡಿನಲ್ಲಿ ಒಂದೂವರೆ ಕಿಲೋಮೀಟರ್ ಹತ್ತಬೇಕು. ಮೇಲೆ ತೊರೆಯ ತಳದ ಬಂಡೆಯಲ್ಲೇ ಸಾಲು ಸಾಲಾಗಿ ಲಿಂಗಗಳನ್ನು ಕೆತ್ತಿದ್ದಾರೆ. ಪಕ್ಕದಲ್ಲಿ ಶೇಷಶಾಯಿ ವಿಷ್ಣುವೂ ಇದ್ದಾನೆ. ನೀರು ಇವೆಲ್ಲದರ ಮೇಲೆ ಹರಿದು ಸಿಯೆಮ್ ರೀಪ್ ನದಿ ಸೇರುತ್ತದೆ. ಅಂದರೆ ಖ್ಮೇರರ ಹಳೆಯ ರಾಜಧಾನಿ ಅಂಕೋರ್ ನಗರಕ್ಕೂ ಅದರ ಗದ್ದೆಗಳಿಗೂ ಹೋಗುವ ನೀರು ಮೊದಲೇ ತೀರ್ಥವಾಗಿ ಇಳಿಯಲಿ ಎಂಬ ಏರ್ಪಾಡು. ಕಾಲುದಾರಿ ಬಿಟ್ಟು ಕಾಡಿಗೆ ಇಳಿಯಬೇಡಿ. ಯುದ್ಧಕಾಲದ ನೆಲಬಾಂಬ್‌ಗಳ ಕಾರಣಕ್ಕೆ ಈ ದೇಶದ ಹಳ್ಳಿಗಾಡಿನಲ್ಲಿ ಎಲ್ಲೆಡೆ ಪಾಲಿಸಬೇಕಾದ ನಿಯಮ ಇದು.

ವಾಪಸ್ ಬರುವಾಗ ಬಾಂತೇ ಸ್ರೇ ಸಿಗುತ್ತದೆ. 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ. ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಎಂಬ ರಾಜಗುರು. ಗುಡಿ ಚಿಕ್ಕದು, ಕೆಂಪು ಕಲ್ಲಿನ ಕೆತ್ತನೆ ಮಾತ್ರ ಬಹಳ ಸೂಕ್ಷ್ಮ. ರಾವಣ ಕೈಲಾಸ ಎತ್ತುವ ಫಲಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬೆಟ್ಟ ಅಲುಗಿದ್ದಕ್ಕೆ ಉಮೆ ಶಿವನಿಗೆ ಅಂಟಿಕೊಂಡಿದ್ದಾಳೆ, ಕೆಳಗಿನ ಸಾಲುಗಳಲ್ಲಿ ಋಷಿಗಳು, ಪ್ರಾಣಿಗಳು ಗಾಬರಿಬಿದ್ದಿದ್ದಾರೆ. ಹಳೇಬೀಡಿನಲ್ಲಿ ಇದೇ ಕಥೆ ನೋಡಿದವರಿಗೆ ಇಲ್ಲಿಯ ಶಿಲ್ಪಿ ಅದನ್ನು ಎಷ್ಟು ಬೇರೆ ರೀತಿ ಹೇಳಿದ್ದಾನೆ ಎಂದು ತಟ್ಟನೆ ಗೊತ್ತಾಗುತ್ತದೆ. ದಾರಿಯಲ್ಲಿ ಪ್ರೆಯಾ ದಾಕ್ ಹಳ್ಳಿಯಲ್ಲಿ ತಾಳೆಯ ರಸವನ್ನು ಬಾಣಲೆಯಲ್ಲಿ ಕಾಯಿಸಿ ಬೆಲ್ಲ ಮಾಡುತ್ತಿರುತ್ತಾರೆ. ಕರಾವಳಿಯವರಿಗೆ ಓಲೆಬೆಲ್ಲದ ನೆನಪಾಗುತ್ತದೆ. ಅಲ್ಲೇ ಕೊಳ್ಳಿ, ದುಡ್ಡು ನೇರ ಆ ಮನೆಗೆ ಹೋಗುತ್ತದೆ.

ಎರಡನೇ ದಿನ: ಅಂಕೋರ್ ವಾಟ್, ಎಡಕ್ಕೆ ಗುಡಿ ಇಟ್ಟುಕೊಂಡು

ಅಂಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಇಬ್ಬರು ರಾಜರೂ ಒಂದೇ ಕಾಲದಲ್ಲಿ, ಸಮುದ್ರದ ಆಚೆ ಈಚೆ, ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದರು.

ಗುಡಿ ಬೆಳಿಗ್ಗೆ ಐದಕ್ಕೆ ತೆರೆಯುತ್ತದೆ. ಸೂರ್ಯೋದಯ ಆದ ಕೂಡಲೇ ಜನ ತಿಂಡಿಗೆ ಹೋಟೆಲ್ ಕಡೆ ಹೊರಡುತ್ತಾರೆ. ನೀವು ಹೊರಡಬೇಡಿ. ಒಳಗೆ ಹೋಗಿ ಬಲಕ್ಕೆ ತಿರುಗಿ. ನಮಗೆ ಗುಡಿಯನ್ನು ಬಲಗಡೆ ಇಟ್ಟುಕೊಂಡು ಸುತ್ತುವ ಅಭ್ಯಾಸ, ಅಲ್ವಾ? ಇಲ್ಲಿಯ ಮೊಗಸಾಲೆಯ ಶಿಲ್ಪಗಳನ್ನು ಎಡಗಡೆ ಇಟ್ಟುಕೊಂಡು, ಅಪ್ರದಕ್ಷಿಣವಾಗಿ ನೋಡಿಕೊಂಡು ಹೋಗಬೇಕು. ಬಾಗಿಲು ಪಶ್ಚಿಮಕ್ಕಿದೆ, ಸುತ್ತುವುದು ಅಪ್ರದಕ್ಷಿಣ. ಹೀಗಾಗಿಯೇ ಇದನ್ನು ರಾಜನ ಸಮಾಧಿಗೆಂದು ಕಟ್ಟಿದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಮೊದಲು ಸಿಗುವುದು ಕುರುಕ್ಷೇತ್ರ. ಶರಶಯ್ಯೆಯ ಭೀಷ್ಮನನ್ನು ಹುಡುಕಿ, ಸಿಗುತ್ತಾನೆ. ದಕ್ಷಿಣದಲ್ಲಿ ಸೂರ್ಯವರ್ಮನ ಮೆರವಣಿಗೆ, ಆಮೇಲೆ ಯಮ, ಚಿತ್ರಗುಪ್ತ, ನರಕದ ಶಿಕ್ಷೆಗಳು. ಪೂರ್ವಕ್ಕೆ ತಿರುಗುವ ಹೊತ್ತಿಗೆ ಬೆಳಗಿನ ಬಿಸಿಲು ಸಮುದ್ರಮಥನದ ಗೋಡೆಗೆ ಬಿದ್ದಿರುತ್ತದೆ. ಸುಮಾರು 49 ಮೀಟರ್ ಉದ್ದದ ಒಂದೇ ದೃಶ್ಯ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ಕಥೆ ನಮಗೆ ಬಾಯಿಪಾಠ. ಆದರೆ ಕಣ್ಣನ್ನು ಕೆಳಗಿನ ಪಟ್ಟಿಗೆ ಇಳಿಸಿ. ಅಲ್ಲಿ ಮೀನು, ಮೊಸಳೆಗಳಿವೆ. ಬದಿಗಳಲ್ಲಿ ಆರಾಮಾಗಿ ಈಜುತ್ತಿರುವ ಮೀನುಗಳು ಕಡೆಗೋಲಿನ ಹತ್ತಿರ ಬಂದಂತೆ ಸೆಳೆತಕ್ಕೆ ಸಿಕ್ಕು ತುಂಡು ತುಂಡಾಗಿವೆ. ಮೀನನ್ನು ದಿನವೂ ನೋಡಿದವನ ಕೈಯಲ್ಲಿ ಮಾತ್ರ ಬರುವ ಕೆಲಸ ಅದು.

ಮೇಲಿನ ಅಂತಸ್ತಿನ ಮೆಟ್ಟಿಲು ಬಹಳ ಕಡಿದು, ಮೊಣಕಾಲು ನೋವಿರುವವರು ಬಿಟ್ಟುಬಿಡಿ. ಬೌದ್ಧರ ಪುಣ್ಯದಿನಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ಸಂಜೆ ತಾ ಪ್ರೋಮ್ ನೋಡಿ. ಬೇರುಗಳು ಗೋಡೆ ಹಿಡಿದುಕೊಂಡಿರುವ ಈ ಗುಡಿಯ ಜೀರ್ಣೋದ್ಧಾರದಲ್ಲಿ ನಮ್ಮ ಪುರಾತತ್ವ ಇಲಾಖೆಯ ದುಡಿಮೆ ದೊಡ್ಡದು.

ಮೂರನೇ ದಿನ: ಬಾಯೋನ್‌ನ ಹೊರಗೋಡೆ

ಏಳನೇ ಜಯವರ್ಮ ರಾಜ ಕಟ್ಟಿಸಿದ ಬಾಯೋನ್ ಗುಡಿಯಲ್ಲಿ ಎಲ್ಲರೂ ಗೋಪುರದ ಮುಖಗಳನ್ನು ನೋಡಲು ಮೇಲೆ ಹತ್ತುತ್ತಾರೆ. ನೀವು ಮೊದಲು ದಕ್ಷಿಣದ ಹೊರಗೋಡೆಗೆ ಹೋಗಿ. ಈಗಿನ ವಿಯೆಟ್ನಾಂ ಕಡೆಯ ಚಂಪಾ ರಾಜ್ಯದ ಚಾಮ್ ಜನರ ಜೊತೆ ನಡೆದ ದೋಣಿಯುದ್ಧ ಅಲ್ಲಿದೆ. ಅದರ ಕೆಳಸಾಲಿನಲ್ಲಿ ಸಂತೆ, ಕೋಳಿ ಅಂಕ, ಅಡುಗೆ, ಮೀನು ಹಿಡಿಯುವವರು, ಬಾಣಂತಿ. ಫೋನಿನಲ್ಲಿ ಒಂದೊಂದನ್ನೂ ಹತ್ತಿರದಿಂದ ಫೋಟೊ ತೆಗೆದಿಟ್ಟುಕೊಳ್ಳಿ, ನಾಳೆ ಬೇಕಾಗುತ್ತದೆ.

ನಾಲ್ಕನೇ ದಿನ: ಸರೋವರ

ಆರನೇ ನಂಬರ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಡಿ. ಹತ್ತು ಹದಿನೈದು ಕಿಲೋಮೀಟರ್‌ಗೆ ರೊಲುವೊಸ್ ಗುಡಿಗಳು. ಪ್ರೆಯಾ ಕೋ 879ರದ್ದು, ಮುಂದೆ ಮೂರು ನಂದಿಗಳಿವೆ. ಬಾಕೋಂಗ್ 881ರದ್ದು. ಅಂಕೋರ್ ವಾಟ್‌ಗಿಂತ ಇನ್ನೂರು ವರ್ಷಕ್ಕೂ ಹಳೆಯವು, ಜನ ಕಡಿಮೆ.

ಅಲ್ಲಿಂದ ಕಾಂಪೋಂಗ್ ಫ್ಲುಕ್ ಅಥವಾ ಇನ್ನೂ ಮುಂದಿನ ಕಾಂಪೋಂಗ್ ಖ್ಲೆಯಾಂಗ್ ಎಂಬ ನೀರಿನ ಹಳ್ಳಿಗೆ ಹೋಗಿ. ಸಿಯೆಮ್ ರೀಪ್‌ಗೆ ಹತ್ತಿರದ ಚೋಂಗ್ ಕ್ನಿಯಾಸ್ ಹಳ್ಳಿಯಲ್ಲಿ ಪ್ರವಾಸಿಗರ ಗದ್ದಲ ಜಾಸ್ತಿ. ನನ್ನ ಆಯ್ಕೆ ಖ್ಲೆಯಾಂಗ್. ಊರು ದೊಡ್ಡದು, ಜನ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾರೆ. ಮನೆಗಳು ಎತ್ತರದ ಕಂಬಗಳ ಮೇಲಿವೆ. ನೀರಿರುವಾಗ ಬಾಗಿಲಿಗೇ ದೋಣಿ ಬರುತ್ತದೆ, ಇಳಿದಾಗ ಉದ್ದ ಏಣಿ ಹತ್ತಬೇಕು. ಮನೆ ಕೆಳಗೆ ಬಲೆ ನೇಯುವುದು, ಚಾಪೆ ಮೇಲೆ ಸಿಗಡಿ ಒಣಗಿಸುವುದು, ಮೀನನ್ನು ಉಪ್ಪು ಹಾಕಿ ಹುದುಗಿಸಿ ಪ್ರಹೋಕ್ ಮಾಡುವುದು ನಡೆದಿರುತ್ತದೆ. ವಾಸನೆ ಗಾಢ, ಮೂಗು ಮುಚ್ಚಿಕೊಳ್ಳಬೇಡಿ. ಅವರ ವರ್ಷದ ಊಟ ಅದು. ನಿನ್ನೆ ತೆಗೆದ ಬಾಯೋನ್ ಫೋಟೊಗಳನ್ನು ಇಲ್ಲಿ ತೆರೆದು ನೋಡಿ. ಎಂಟುನೂರು ವರ್ಷದ ಹಿಂದೆ ಕೆತ್ತಿದ ಮೀನು ಹಿಡಿಯುವವರ ಬದುಕು ಈ ದಡದಲ್ಲಿ ಇನ್ನೂ ನಡೆಯುತ್ತಿದೆ.

ಕೆಲವು ಮಾತು ಖಡಾಖಂಡಿತವಾಗಿ ಹೇಳಬೇಕು. ಕೇಳದೆ ಮನೆಯೊಳಗೆ ಇಣುಕಬೇಡಿ. ಮಕ್ಕಳಿಗೆ ಚಾಕೊಲೇಟ್, ದುಡ್ಡು ಹಂಚಬೇಡಿ. ಶಾಲೆಗೆ ಅಕ್ಕಿ ಕೊಡಿಸಿ, ಪುಸ್ತಕ ಕೊಡಿಸಿ ಎಂದು ದೋಣಿಯವರು ಅಂಗಡಿಗೆ ಕರೆದೊಯ್ದರೆ ನಯವಾಗಿ ಬೇಡ ಎನ್ನಿ. ಅನಾಥಾಲಯ ಭೇಟಿಯ ಟೂರ್ ಬೇಡವೇ ಬೇಡ. ಫ್ಲುಕ್‌ಗೆ ಹೋದವರು ಮುಳುಗಿದ ಕಾಡಿನಲ್ಲಿ ಹಳ್ಳಿಯ ಹೆಂಗಸರು ಹುಟ್ಟು ಹಾಕುವ ಚಿಕ್ಕ ದೋಣಿ ಹತ್ತಿ. ದೋಣಿ ಬಾಡಿಗೆ ಎಷ್ಟು, ಯಾರಿಗೆ ಎಂಬುದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಇಲ್ಲದ ದೋಣಿ ಬೇಡ.

ಸಸ್ಯಾಹಾರಿಗಳು ಈ ದಿನ ಬುತ್ತಿ ಒಯ್ಯುವುದೇ ಮೇಲು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಸಿಯೆಮ್ ರೀಪ್‌ನಲ್ಲಿ ಭಾರತೀಯ ಹೋಟೆಲ್‌ಗಳಿವೆ, ಬೆಳಿಗ್ಗೆ ಕಟ್ಟಿಸಿಕೊಂಡು ಹೊರಡಬಹುದು.

ಇನ್ನೊಂದು ದಿನ ಕೈಯಲ್ಲಿದ್ದರೆ ಅದೇ ಹೆದ್ದಾರಿಯಲ್ಲಿ ರಾಜಧಾನಿ ನಾಮ್ ಪೆನ್ ಕಡೆ ಮುಂದುವರಿಯಿರಿ. ಕಾಂಪೋಂಗ್ ಕ್ಡೈಯಲ್ಲಿ ಏಳನೇ ಜಯವರ್ಮನ ಕಾಲದ ಕಲ್ಲಿನ ಸೇತುವೆ ಇದೆ, ಇಕ್ಕೆಲದ ಕಟಕಟೆ ನಾಗನದ್ದು. ಮುಂದೆ ಕಾಂಪೋಂಗ್ ಥೋಮ್ ಹತ್ತಿರ ಏಳನೇ ಶತಮಾನದ ಸಾಂಬೋರ್ ಪ್ರೈ ಕುಕ್. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಇಟ್ಟಿಗೆಯ ಗುಡಿಗಳಿವು. ಇದಕ್ಕೆ ಅಂಕೋರ್ ಪಾಸ್ ನಡೆಯುವುದಿಲ್ಲ, ಬೇರೆ ಟಿಕೆಟ್ ತಗೊಳ್ಳಬೇಕು.